ಒಂದು ಸಾಲು ಬರೆದಿದ್ದರೆ

ನಮ್ಮ ಮನೆಯ ದೇವರ ಕೋಣೆಯ ಹೊರಗೋಡೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ಅಂಗೈಯಗಲದ್ದು. ಬೆನ್ನಿನಲ್ಲೇ ಎರಡು ಪಿನ್ನುಗಳಿದ್ದು ನೇರ ಪ್ಲಗ್ಗಿಗೆ ಸಿಕ್ಕಿಸಿದರೆ ಗೋಡೆಗೆ ಅಂಟಿಕೊಂಡಂತೆ ಕೂರುತ್ತದೆ. ಗುಂಡಿ ಒತ್ತಿದರೆ ಒಂದು ಸ್ತೋತ್ರ, ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಐದು ಮುಗಿದ ಮೇಲೆ ಮತ್ತೆ ಮೊದಲನೆಯದೇ. ಇಂಥದ್ದು ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇದ್ದೀತು. ಈ ಪೆಟ್ಟಿಗೆಯ ಸಲುವಾಗಿ ನಾನು ಎರಡು ತಿಂಗಳು ಜಗಳವಾಡಿದ್ದೇನೆ. ಯಾರ ಸಂಗಡ ಎಂದು ಕೇಳಿದರೆ ಹೇಳಲಿಕ್ಕೆ ಹೆಸರಿಲ್ಲ. ನನ್ನ ತಕರಾರು ಇರುವುದೂ ಅಲ್ಲೇ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. 1994ರಲ್ಲಿ ಮದುವೆಯಾಗಿ ಬಂದದ್ದು ಯಲ್ಲಾಪುರದ ಕಡೆಯ ಅಡಿಕೆ ತೋಟದ ಮನೆಗೆ. ಬೆಸುಗೆ ಹಾಕುವ ಕಡ್ಡಿಯನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟು ತಂದಿದ್ದೆ. ಅದನ್ನು ಮೊದಲು ಹೊರತೆಗೆಸಿದವರು ನಮ್ಮ ಅತ್ತೆಯೇ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರಿಗೆ ಧಾರವಾಡ ಆಕಾಶವಾಣಿ ಬೇಕಾಗಿತ್ತು, ರೇಡಿಯೋ ಕೆಟ್ಟಿತ್ತು. ಅಂದಿನಿಂದ ಊರಿನ ರೇಡಿಯೋ, ಟೇಪ್‌ರೆಕಾರ್ಡರ್, ಎಮರ್ಜೆನ್ಸಿ ಲೈಟು ಎಲ್ಲ ನಮ್ಮ ಜಗಲಿಗೆ ಬರಲು ಶುರುವಾದವು. ಕೂಲಿಯೆಂದು ನಾನು ಕೇಳಿದ್ದಿಲ್ಲ. ಅರ್ಧ ಡಜನ್ ಬಾಳೆಕಾಯಿ, ಒಂದು ಬಾಟಲಿ ಜೇನು ಬರುತ್ತಿತ್ತು, ಈಗಲೂ ಬರುತ್ತದೆ.

ಆಗಿನ ರೇಡಿಯೋ ತೆರೆಯುವುದೆಂದರೆ ನನಗೊಂದು ಖುಷಿ. ಎಷ್ಟೋ ಹಳೆಯ ಸೆಟ್ಟುಗಳಲ್ಲಿ ಹಿಂಬದಿಯ ರಟ್ಟಿನ ಒಳಮೈಗೆ ಒಂದು ಕಾಗದ ಅಂಟಿಸಿರುತ್ತಿದ್ದರು. ಯಾವ ವಾಲ್ವು ಎಲ್ಲಿ ಕೂರಬೇಕು, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಎಲ್ಲ ಅದರಲ್ಲಿ. ಮಾಡಿದವನು ಎಲ್ಲಿಯವನೋ, ತೆರೆಯುವವಳು ಯಲ್ಲಾಪುರದ ಸೊಸೆ. ಆದರೂ ಆ ಕಾಗದ ನೋಡಿದರೆ, ನಾಳೆ ಇದು ಕೆಟ್ಟೀತು, ಯಾರೋ ತೆರೆದಾರು, ಅವರಿಗೆ ತಿಳಿಯಲಿ ಎಂದು ಯೋಚಿಸಿದ ಒಬ್ಬ ಮನುಷ್ಯ ಅದರ ಹಿಂದೆ ಇದ್ದಾನೆ ಎನಿಸುತ್ತಿತ್ತು.

ಅತ್ತೆಗೆ ಈಗ ಎಂಬತ್ತಮೂರು. ಕಣ್ಣಿನ ನರ ಸೋತು ಹತ್ತು ವರ್ಷವಾಯಿತು. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ಗೊತ್ತಾಗುತ್ತದೆ. ಮನೆಯೊಳಗೆ ಗೋಡೆ ಮುಟ್ಟಿಕೊಂಡು ಓಡಾಡುತ್ತಾರೆ. ಜಾತ್ರೆಪೇಟೆಯಲ್ಲಿ ಯಾರೋ ತಂದುಕೊಟ್ಟ ಈ ಪೆಟ್ಟಿಗೆಯ ಗುಂಡಿ ಎಲ್ಲಿದೆ ಎಂದು ಅವರ ಬೆರಳಿಗೆ ಗೊತ್ತು. ಒಂದು ಬೆಳಿಗ್ಗೆ ಚಹಾ ಕೊಡುವಾಗ ಕೇಳಿದರು: “ತಂಗಿ, ಇದು ದಿನಾ ಅದ್ನೇ ಹೇಳ್ತು. ಅಕ್ಕನ ಹಾಡು ಇದ್ರಲ್ಲಿ ಹಾಕಲಾಗ್ತಿಲ್ಯನೆ?”

ಅಕ್ಕನ ಹಾಡು ಎಂದರೆ ನನ್ನ ಮದುವೆಯಲ್ಲಿ ಧ್ವನಿಮುದ್ರಿಸಿದ ಅರವತ್ತು ನಿಮಿಷದ ಒಂದು ಕ್ಯಾಸೆಟ್. ಎ ಮಗ್ಗುಲಿನಲ್ಲಿ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರಿಗೆ ಕೀಟಲೆ ಮಾಡುವ ಹಾಡು. ಹೇಳಿದ್ದು ಅತ್ತೆ ಮತ್ತು ಕೇರಿಯ ಹೆಂಗಸರು. ಬಿ ಮಗ್ಗುಲಿನಲ್ಲಿ ದಿಬ್ಬಣ ಹೋದ ಮೇಲೆ ಖಾಲಿ ಚಪ್ಪರದಲ್ಲಿ ಕೂತು ಅತ್ತೆಯ ಅಕ್ಕ ಒಬ್ಬರೇ ಹಾಡಿದ್ದು. ನಡುನಡುವೆ ಪಾತ್ರೆ ತೊಳೆಯುವ ಸದ್ದು, ಒಂದು ಮಗುವಿನ ಅಳು. ಆ ಅಕ್ಕ 2009ರಲ್ಲಿ ತೀರಿಹೋದರು. ಅವರು ಬಾಯಲ್ಲಿಟ್ಟುಕೊಂಡಿದ್ದ ಹಾಡುಗಳಲ್ಲಿ ಬರೆದಿಟ್ಟದ್ದು ಒಂದೂ ಇಲ್ಲ. ಉಳಿದಿದ್ದರೆ ಆ ಅರ್ಧ ಗಂಟೆ.

“ಫೋನಿನಲ್ಲಿ ಹಾಕಿಕೊಡು ಅತ್ತೆ, ಇದಕ್ಕೆಲ್ಲ ಯಾಕೆ ತಲೆಬಿಸಿ?” ಎಂದ ಬೆಂಗಳೂರಿನಿಂದ ಬಂದ ಸೋದರಳಿಯ. ಈ ಮಾತು ಹೇಳುವವರೆಲ್ಲ ಒಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಮ್ಮ ಫೋನನ್ನು ಹಿಡಿದು ನೋಡಬೇಕು. ಗಾಜಿನ ಮೇಲೆ ಬೆರಳಿಗೆ ಗುರುತು ಎಲ್ಲಿದೆ? ಎತ್ತ ಸವರಿದರೂ ಒಂದೇ ನುಣುಪು. ಕಣ್ಣಿದ್ದವರು ಕಣ್ಣಿದ್ದವರಿಗಾಗಿ ಮಾಡಿಕೊಂಡ ಸಾಮಾನು ಅದು. ಮೇಲಾಗಿ ನಮ್ಮ ಘಟ್ಟದ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಸಿಗ್ನಲ್ಲು ಯಾವ ಗುಡ್ಡದ ನೆತ್ತಿಯಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಹೋಗಬೇಕಾದ ಮನೆಗಳು ಇನ್ನೂ ಇವೆ. ಹಾಗಾದರೆ ಕಾರ್ಡು ಹಾಕುವ ಹೊಸ ಪೆಟ್ಟಿಗೆ ತಗೊ ಎಂದ. ಅದರಲ್ಲಿ ಹತ್ತು ಗುಂಡಿ, ಎರಡು ದೀಪ, ಕೂಗಿ ಹೇಳುವ ಇಂಗ್ಲಿಷ್ ಹೆಂಗಸು ಬೇರೆ. ಅತ್ತೆಗೆ ಬೇಕಾದದ್ದು ತಮ್ಮ ಬೆರಳಿಗೆ ಗೊತ್ತಿರುವ ಒಂದು ಗುಂಡಿ.

ತೆರೆದೆ. ಇಲ್ಲೊಂದು ಮಾತು ಹೇಳಲೇಬೇಕು, ನನ್ನ ಲೇಖನ ಓದಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿದೀರಿ. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಹಲವಕ್ಕೆ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರಿನ ಮೂಲಕ ಮನೆಯ ವಿದ್ಯುತ್ತನ್ನೇ ಇಳಿಸಿಕೊಂಡಿರುತ್ತಾರೆ. ಪ್ಲಗ್ಗಿನಲ್ಲಿ ಇರುವಾಗ ಒಳಗಿನ ಯಾವ ತಂತಿ ಮುಟ್ಟಿದರೂ 230 ವೋಲ್ಟಿನ ತಂತಿ ಮುಟ್ಟಿದ ಹಾಗೆ. ನಾನು ಅದನ್ನು ಗೋಡೆಯಿಂದ ಕಿತ್ತು, ಆ ಭಾಗವನ್ನು ಬೇರ್ಪಡಿಸಿ, ಬೇರೆಯೇ 3.3 ವೋಲ್ಟಿನ ಸಪ್ಲೈ ಕೊಟ್ಟು ಕೆಲಸ ಮಾಡಿದೆ. ಈ ಅಪಾಯದ ಎಚ್ಚರಿಕೆಯನ್ನೂ ಪೆಟ್ಟಿಗೆಯ ಮೇಲೆ ಯಾರೂ ಬರೆದಿರಲಿಲ್ಲ.

ಒಳಗೆ ಎರಡು ಚಿಪ್ಪು. ದೊಡ್ಡದು ಹಾಡುವ ಚಿಪ್ಪು, ಹದಿನಾರು ಕಾಲಿನದು. ಅದರ ಬೆನ್ನಿನ ಮೇಲಿನ ಹೆಸರನ್ನು ಉಜ್ಜಿ ಅಳಿಸಿದ್ದರು. ಹೌದು, ಅಳಿಸಿದ್ದರು. ಗೀರು ಕಾಣುತ್ತಿತ್ತು. ಪಕ್ಕದ ಎಂಟು ಕಾಲಿನದು ಮೆಮೊರಿ, ಹಾಡುಗಳನ್ನು ಇಟ್ಟುಕೊಳ್ಳುವ ಉಗ್ರಾಣ. ಅದರ ಮೇಲೆ 25ಕ್ಯೂ16 ಎಂದು ಓದಲು ಬರುತ್ತಿತ್ತು. ಈ 16 ಎಂದರೆ 16 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಎರಡೇ ಮೆಗಾಬೈಟ್. ಮಾತು, ಹಾಡು ಸ್ಪಷ್ಟವಾಗಿ ಕೇಳುವಷ್ಟು ಅಂದರೆ ಸೆಕೆಂಡಿಗೆ 32 ಕಿಲೋಬಿಟ್ಟಿನ ಎಂಪಿ3 ಮಾಡಿದರೆ ಎರಡು ಮೆಗಾಬೈಟಿನಲ್ಲಿ ಹಿಡಿಯುವುದು ಸುಮಾರು ಎಂಟೂಮುಕ್ಕಾಲು ನಿಮಿಷ. ಐದು ಸ್ತೋತ್ರ ಯಾಕೆ ಎಂಬುದು ಗೊತ್ತಾಯಿತು. ನನ್ನ ಅರವತ್ತು ನಿಮಿಷಕ್ಕೆ ಸುಮಾರು ಹದಿಮೂರೂಮುಕ್ಕಾಲು ಮೆಗಾಬೈಟ್ ಬೇಕು. ಅದೇ ಅಳತೆಯ, ಅದೇ ಎಂಟು ಕಾಲಿನ 128 ಮೆಗಾಬಿಟ್ ಮೆಮೊರಿ ಸಿಗುತ್ತದೆ. ಅದೆಂದರೆ 16 ಮೆಗಾಬೈಟ್. ಹಳೆಯ ಸ್ತೋತ್ರಗಳೂ ಉಳಿದು ಹಾಡುಗಳೂ ಹಿಡಿಯುತ್ತವೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು, ಅಷ್ಟೇ ತಾನೆ?

ಈ ಮೆಮೊರಿ ಚಿಪ್ಪಿನ ವಿಷಯದಲ್ಲಿ ನನ್ನದು ಏನೂ ದೂರಿಲ್ಲ. ನಾನು ತರಿಸಿದ್ದು ತೈವಾನಿನ ವಿನ್‌ಬಾಂಡ್ ಕಂಪನಿಯದು, ಡಬ್ಲ್ಯೂ25ಕ್ಯೂ128. ನಮ್ಮ ಬೆರಳ ಉಗುರಿಗಿಂತ ಚಿಕ್ಕ ಈ ಸಾಮಾನಿಗೆ ಅವರು ಒಂದು ಪುಸ್ತಕದಷ್ಟು ವಿವರ ಬರೆದು, ಯಾರು ಬೇಕಾದರೂ ಓದಲಿ ಎಂದು ಬಿಟ್ಟಿದ್ದಾರೆ. ಎಂಟು ಕಾಲುಗಳಲ್ಲಿ ಯಾವುದು ಏನು, ಎಷ್ಟು ವೋಲ್ಟ್ ತಡೆಯುತ್ತದೆ, ನೀನು ಯಾರೆಂದು ಕೇಳಲು ಯಾವ ಆಜ್ಞೆ ಕೊಡಬೇಕು, ಅದು ಏನೆಂದು ಉತ್ತರಿಸುತ್ತದೆ, ಎಲ್ಲ ಇದೆ. 9ಎಫ್ ಎಂದು ಕೇಳಿದೆ. ಇಎಫ್ 40 18 ಎಂದಿತು. ಪುಸ್ತಕದಲ್ಲಿ ಬರೆದ ಹಾಗೆಯೇ. ಎದುರಾದಾಗ ಹೆಸರು, ಊರು ಹೇಳುವ ಮನುಷ್ಯನ ಹಾಗೆ ಅದು ನನಗೆ ಕಂಡಿತು. ಒಂದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಕೂತ ಇಬ್ಬರಲ್ಲಿ ಒಬ್ಬ ಸಭ್ಯ, ಇನ್ನೊಬ್ಬ ಮುಖವನ್ನೇ ಉಜ್ಜಿಕೊಂಡವನು.

ಹಾಡುವ ಚಿಪ್ಪಿನ ವಿವರಕ್ಕಾಗಿ ಅಲೆದೆ. ಪೆಟ್ಟಿಗೆ ಮಾರಿದವರಿಗೆ ಗೊತ್ತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಸೋದರಳಿಯನನ್ನು ಕಳಿಸಿದೆ, ಫೋನಿನಲ್ಲಿ ನಾನೇ ಮಾತಾಡಿದೆ. ಮೇಡಂ, ನೀವು ಅದರಲ್ಲೆಲ್ಲ ಕೈ ಹಾಕಬೇಡಿ, ಹೊಸದು ಮುನ್ನೂರೈವತ್ತಕ್ಕೆ ಬರುತ್ತದೆ ಎಂದರು. ಕೊನೆಗೆ ಎಲ್ಲಿಂದಲೋ ಎರಡು ಪುಟದ ಒಂದು ಕಾಗದ ಸಿಕ್ಕಿತು. ಚೀನೀ ಭಾಷೆಯಿಂದ ಯಂತ್ರ ಅನುವಾದಿಸಿದ ಇಂಗ್ಲಿಷು. ಒಂದು ಪುಟದಲ್ಲಿ ಕಾಲುಗಳ ಚಿತ್ರ, ಇನ್ನೊಂದರಲ್ಲಿ ಬೇರೆ ಯಾವುದೋ ಚಿಪ್ಪಿನ ಚಿತ್ರ. ಹೊರಗಿನ ಮೆಮೊರಿ ಜೋಡಿಸಬಹುದು ಎಂದು ಒಂದು ಕಡೆ ಇತ್ತು. ಎಷ್ಟು ದೊಡ್ಡದು ಎಂದು ಇರಲಿಲ್ಲ. ಅದರೊಳಗೆ ಹಾಡುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂದೂ ಇರಲಿಲ್ಲ.

ಇನ್ನು ನನ್ನ ಎರಡು ತಿಂಗಳ ಕತೆ. ಹಳೆಯ ಮೆಮೊರಿಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಓದಿಕೊಂಡು ಹೊಸದಕ್ಕೆ ಹಾಗೆಯೇ ನಕಲು ಮಾಡಿದೆ. ಹಾಡಿತು. ಸ್ತೋತ್ರಗಳ ಹಿಂದೆ ಹಾಡು ಸೇರಿಸಿದೆ. ಐದು ಮುಗಿದ ಮೇಲೆ ಆರನೆಯದಕ್ಕೆ ಹೋಗಲೇ ಇಲ್ಲ. ಎಲ್ಲೋ ಲೆಕ್ಕ ಬರೆದಿಟ್ಟಿರಬೇಕು ಎಂದುಕೊಂಡು ಅಂಕಿಗಳ ರಾಶಿಯನ್ನು ಕಣ್ಣು ಕೀಳುವಷ್ಟು ನೋಡಿದೆ. ಹೆಂಗಸರಿಗೆ ಅಕ್ಕಿ ಆರಿಸಿ ಗೊತ್ತು. ಕಲ್ಲು ಸಿಕ್ಕಿತು: ಮೊದಲಲ್ಲೇ 05 ಎಂಬ ಅಂಕಿ, ಅದರ ಬೆನ್ನಿಗೆ ಒಂದೊಂದು ಹಾಡು ಎಲ್ಲಿಂದ ಶುರು ಎನ್ನುವ ವಿಳಾಸಗಳು. ಐದನ್ನು ಆರು ಮಾಡಿ ಹೊಸ ವಿಳಾಸ ಬರೆದೆ. ಕರಕರ ಸದ್ದು ಬಂತು, ಹಾಡು ಬರಲಿಲ್ಲ. ವಿಳಾಸವನ್ನು ನಾವು ಬರೆಯುವ ಹಾಗೆ ದೊಡ್ಡ ಸ್ಥಾನದಿಂದ ಬರೆದಿದ್ದೆ, ಅದು ಬಿಡಿ ಸ್ಥಾನದಿಂದ ಓದುತ್ತಿತ್ತು. ಇದು ಗೊತ್ತಾಗಲು ಒಂಬತ್ತು ದಿನ. ಗೊತ್ತಾದ ದಿನ ಹಸೆಗೆ ಕರೆಯುವ ಹಾಡು ಕೇಳಿಸಿತು, ಅತ್ತೆ ಬಚ್ಚಲಿನಿಂದಲೇ ಸೊಲ್ಲು ಸೇರಿಸಿದರು.

ಆದರೆ ಎ ಮಗ್ಗುಲು ಇಪ್ಪತ್ತಾರು ನಿಮಿಷ ದಾಟಿದ ಸ್ವಲ್ಪ ಹೊತ್ತಿಗೆ, ಬೀಗರ ಹಾಡಿನ ನಟ್ಟನಡುವೆ, ಒಂದು ಕ್ಷಣ ಕರಕರ ಎಂದು ಮೊದಲನೆಯ ಸ್ತೋತ್ರವೇ ಹೊರಟುಬಿಡುತ್ತಿತ್ತು. ಬೆಸುಗೆ ತಪ್ಪಿತೆಂದು ಬಿಚ್ಚಿ ಮತ್ತೆ ಹಾಕಿದೆ. ಮೆಮೊರಿ ಹಾಳೆಂದು ಇನ್ನೆರಡು ತರಿಸಿದೆ. ನನ್ನ ಕಣ್ಣು, ನನ್ನ ವಯಸ್ಸು, ನನ್ನ ಮೂವತ್ತು ವರ್ಷ ಹಳೆಯ ಡಿಪ್ಲೊಮಾ ಎಲ್ಲವನ್ನೂ ಅನುಮಾನಿಸಿದೆ. ಇದನ್ನು ಗಮನಿಸಿ: ವಿವರ ಕೊಡದವನ ತಪ್ಪು ಯಾವಾಗಲೂ ವಿವರ ಇಲ್ಲದವಳ ತಲೆಯ ಮೇಲೆ ಬಂದು ಕೂರುತ್ತದೆ. ತಾನೇ ದಡ್ಡಿ ಎಂದು ಅವಳಿಗೆ ಅನ್ನಿಸುತ್ತದೆ. ಐದು ವಾರ ನಾನು ಹಾಗೆಯೇ ಅಂದುಕೊಂಡೆ.

ಒಂದು ದಿನ ದೋಸೆ ಹಿಟ್ಟು ರುಬ್ಬುತ್ತಾ ಗಡಿಯಾರ ನೋಡಿ ಗುಣಾಕಾರ ಮಾಡಿದೆ. ಸ್ತೋತ್ರಗಳ ಎರಡು ಮೆಗಾಬೈಟ್, ಇಪ್ಪತ್ತಾರು ನಿಮಿಷದ ಹಾಡಿಗೆ ಆರು. ಕೂಡಿದರೆ ಎಂಟು. ಸರಿಯಾಗಿ ಎಂಟು. ನೆಲದಲ್ಲಿ ಕೂತುಬಿಟ್ಟೆ. ಹಾಡುವ ಚಿಪ್ಪಿಗೆ ಎಣಿಕೆ ಬರುವುದೇ ಎಂಟು ಮೆಗಾಬೈಟಿನವರೆಗೆ. ಅದರಾಚೆ ಸ್ಕೂಟರಿನ ಹಳೆಯ ಕಿಲೋಮೀಟರ್ ಮೀಟರು ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ಬರುವಂತೆ ಮೊದಲಿನಿಂದ ಎಣಿಸಲು ಹೊರಡುತ್ತದೆ. 64 ಮೆಗಾಬಿಟ್ಟಿಗಿಂತ ದೊಡ್ಡ ಮೆಮೊರಿ ಹಾಕಬೇಡಿ, ಎಂಬ ಒಂದೇ ಒಂದು ಸಾಲು. ಅದನ್ನು ಅಚ್ಚು ಹಾಕಲು ಎಷ್ಟು ಶಾಯಿ ಬೇಕಾಗುತ್ತಿತ್ತು?

ಎಂಟರಲ್ಲಿ ಅರವತ್ತು ನಿಮಿಷ ಹಿಡಿಸಲು ಧ್ವನಿಯನ್ನು ಇನ್ನೂ ಹಿಂಡಬೇಕು, 32ರ ಬದಲು 16 ಕಿಲೋಬಿಟ್. ಹಿಂಡಿದೆ. ಬಿ ಮಗ್ಗುಲು ಹಾಕಿ ಅತ್ತೆಯನ್ನು ಕರೆದೆ. ಒಂದು ಹಾಡು ಪೂರ್ತಿ ಸುಮ್ಮನೆ ಕೇಳಿದರು. “ಇದು ಅಕ್ಕ ಅಲ್ಲ ತಂಗಿ. ಯಾರೋ ಡಬ್ಬದಲ್ಲಿ ಕೂತ್ಕಂಡು ಹಾಡಿದಾಂಗಿದ್ದು” ಎಂದು ಗೋಡೆ ಮುಟ್ಟಿಕೊಂಡು ಒಳಗೆ ಹೋದರು. ಅವರು ದೂರಿದ್ದರೆ ವಾಸಿಯಿತ್ತು.

ಈಗ ಕೆಲವರು ಹೇಳುವ ಮಾತಿಗೆ ಬರುತ್ತೇನೆ. ಮೊದಲನೆಯದು, ಮುನ್ನೂರೈವತ್ತು ರೂಪಾಯಿ ಸಾಮಾನಿಗೆ ಇಷ್ಟೆಲ್ಲ ನಿರೀಕ್ಷೆ ಯಾಕೆ ಎಂಬುದು. ಕುಕ್ಕರಿನ ಗ್ಯಾಸ್ಕೆಟ್ಟು ನೋಡಿ. ಅದರ ಬೆಲೆ ಎಷ್ಟು? ಆದರೂ ಅದು ಎಷ್ಟು ಲೀಟರಿನ ಯಾವ ಕುಕ್ಕರಿಗೆ ಎಂದು ಪೊಟ್ಟಣದ ಮೇಲೆ ಇರುತ್ತದೆ. ಶಿರಸಿ ಪೇಟೆಗೆ ಹೋಗಿ ಕೇಳಿದರೆ ಕೊಡುತ್ತಾರೆ, ಹದಿನೈದು ವರ್ಷದ ಹಳೆಯ ಕುಕ್ಕರು ಮತ್ತೆ ಸೀಟಿ ಹಾಕುತ್ತದೆ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಆ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ತೂಕ, ತಿಂಗಳು, ಬೆಲೆ ಇರಲೇಬೇಕು. ತಿನ್ನುವ ವಸ್ತುವಾದ್ದರಿಂದ ಏನೇನು ಹಾಕಿದ್ದಾರೆ ಎಂಬುದೂ ಬೇಕು. ಒಂದು ಸಾಲು ಬಿಟ್ಟರೆ ದಂಡ ಬಿದ್ದೀತೆಂದು ಆ ಹೆಂಗಸರು ಹೆದರಿಕೊಂಡು ಚೀಟಿ ಬರೆಯುತ್ತಾರೆ. ಇಪ್ಪತ್ತೈದು ಹಪ್ಪಳ ಮಾರುವವಳು ಮೆಣಸು, ಉಪ್ಪು, ಜೀರಿಗೆಯ ಲೆಕ್ಕ ಕೊಡಬೇಕು. ಮನೆಮನೆಗೆ ಪೆಟ್ಟಿಗೆ ಮಾರುವವನು ಚಿಪ್ಪಿನ ಹೆಸರು ಉಜ್ಜಿ ಅಳಿಸಬಹುದು. ಇದು ಯಾವ ನ್ಯಾಯ?

ಎರಡನೆಯದು ವ್ಯಾಪಾರದ ಗುಟ್ಟು ಎಂಬ ಮಾತು. ಗುಟ್ಟು ಇರಲಿ, ಬೇಡವೆನ್ನುವುದಿಲ್ಲ. ಆ ಚಿಪ್ಪಿನ ಒಳಗೆ ಏನಿದೆ ಎಂದು ನಾನು ಕೇಳಲೇ ಇಲ್ಲ. ಹೊರಗಿನ ಎಂಟು ಕಾಲಿನವನ ಸಂಗಡ ಅದು ಹೇಗೆ ಮಾತಾಡುತ್ತದೆ ಎಂದು ಕೇಳಿದೆ. ಅದರೊಳಗಿನ ಎಂಪಿ3 ಎಂಬುದೇ ಗುಟ್ಟಲ್ಲ, 1993ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಗಿ ಅಚ್ಚಾದದ್ದು. ಅದನ್ನು ಕಂಡುಹಿಡಿದವರು ಪೇಟೆಂಟ್ ಮಾಡಿಸಿದರು, ಅಂದರೆ ವಿಧಾನವನ್ನು ಲೋಕಕ್ಕೆ ಬರೆದು ಕೊಟ್ಟು ಬದಲಿಗೆ ಕೆಲವು ವರ್ಷ ಹಣ ಪಡೆದರು, 2017ರಲ್ಲಿ ಅದರ ಪರವಾನಗಿ ವ್ಯವಹಾರವೂ ಮುಗಿಯಿತು. ನಮ್ಮ ಅಡಿಕೆಯನ್ನೇ ತಗೊಳ್ಳಿ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ಗುರುತು ಕೇಳುವವರು ತಮ್ಮ ಬೆಳೆ ಎಲ್ಲಿಯದು, ಹೇಗೆ ಮಾಡಿದ್ದು, ಬೇರೆಯದಕ್ಕಿಂತ ಹೇಗೆ ಭಿನ್ನ ಎಂದು ಬರೆದು ಕೊಡಬೇಕಾಗುತ್ತದೆ. ಬರೆದುಕೊಟ್ಟದ್ದರಿಂದ ಹೆಸರು ಉಳಿಯಿತೇ ಹೊರತು ಹೋಗಲಿಲ್ಲ. ಚಿಪ್ಪಿನ ದೊಡ್ಡ ಕಂಪನಿಗಳೂ ಹಾಗೆಯೇ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಚಿಪ್ಪುಗಳ ವಿವರವನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತದೆ. ಅದರಿಂದ ಅದು ಮುಳುಗಿಹೋಗಿಲ್ಲ.

ಹೆಸರು ಅಳಿಸದ ಚಿಪ್ಪುಗಳ ಗತಿಯೂ ಬಹಳ ಬೇರೆಯಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳು ಪ್ರಾಜೆಕ್ಟಿಗೆ ತರುವ ಡಿಎಫ್‌ಪ್ಲೇಯರ್ ಮಿನಿ ಎಂಬ ಪುಟ್ಟ ಹಲಗೆ ಇದೆ, ಮೂಲದಲ್ಲಿ ವೈಎಕ್ಸ್5200 ಎಂಬ ಚಿಪ್ಪಿನದು. ಈಗ ಅದೇ ರೂಪದಲ್ಲಿ ಬೇರೆ ಬೇರೆ ಚಿಪ್ಪು ಕೂರಿಸಿದ ನಕಲುಗಳೂ ಸಿಗುತ್ತವೆ, ಒಂದಕ್ಕೆ ಒಪ್ಪುವ ಆಜ್ಞೆ ಇನ್ನೊಂದಕ್ಕೆ ಒಪ್ಪದು. ಒಂದನೆಯ ಹಾಡು ಹಾಡು ಎಂದರೆ ಹೆಸರಿನ ಕ್ರಮದ ಒಂದನೆಯದಲ್ಲ, ಕಾರ್ಡಿಗೆ ಮೊದಲು ನಕಲು ಮಾಡಿದ್ದು. ಸಂದೇಶ ಹೋಗುವ ತಂತಿಗೆ ಒಂದು ಸಾವಿರ ಓಮಿನ ರೆಸಿಸ್ಟರ್ ಹಾಕಿದರೆ ಸ್ಪೀಕರಿನ ಗುಂಯ್‌ಗುಡುವಿಕೆ ತಗ್ಗುತ್ತದೆ. ಇದರಲ್ಲಿ ಬಹುಪಾಲನ್ನು ಲೋಕಕ್ಕೆ ಹೇಳಿಕೊಟ್ಟವರು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡ ಸಾವಿರಾರು ಜನ ಬಳಕೆದಾರರು. ಅವರ ನಿದ್ದೆಗೆ ಯಾರೂ ಬೆಲೆ ಕಟ್ಟಲಿಲ್ಲ. ಸಂಬಳವಿಲ್ಲದೆ, ಹೆಸರಿಲ್ಲದೆ, ಇನ್ನೊಬ್ಬರು ಬಿಟ್ಟುಹೋದ ಕೆಲಸ ಮುಗಿಸುವುದು ಏನೆಂದು ಈ ಪುಸ್ತಕ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ.

ನನ್ನ ಗಂಡ ಒಂದು ಪ್ರಶ್ನೆ ಹಾಕಿದರು. ಅದು ಒಳ್ಳೆಯ ಪ್ರಶ್ನೆಯೇ. “ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಎಲ್ಲಿ ಪುಸ್ತಕ ಇದ್ದು? ಆಯಿ ಯಾವತ್ತಾದ್ರೂ ಅಳತೆ ಬರೆದಿಟ್ಟಿದ್ದಿದ್ದ?” ಒಂದು ರಾತ್ರಿ ಯೋಚಿಸಿದೆ. ನಿಜ, ಅತ್ತೆಯದು ಕೈ ಅಳತೆ, ಕಣ್ಣಳತೆ. ಉಪ್ಪು ಎಷ್ಟು ಎಂದರೆ ಹಿಡಿಸುವಷ್ಟು. ಸೊಸೆಯಾಗಿ ಬಂದ ವರ್ಷ ನಾನೂ ಸಿಟ್ಟಾಗಿದ್ದೆ. ಆದರೆ ಕೇಳಿದರೆ ಅತ್ತೆ ಹೇಳುತ್ತಿದ್ದರು. ಸಾಲದೆ ಹೋದರೆ ಭರಣಿಯ ಬಳಿ ಕರೆದುಕೊಂಡು ಹೋಗಿ ನನ್ನ ಕೈಯನ್ನೇ ಉಪ್ಪಿನೊಳಗೆ ಇಡಿಸುತ್ತಿದ್ದರು. ಕಲಿಸುವವರು ಎದುರಿಗಿದ್ದಾಗ ಕಾಗದ ಬೇಡ. ಎದುರಿಗೆ ಇಲ್ಲದವನು, ಸಾವಿರ ಮೈಲಿ ದೂರ ಕೂತು ಲಕ್ಷಗಟ್ಟಲೆ ಮಾಡಿ ಮಾರುವವನು ಕಾಗದ ಕೊಡಬೇಕು. ಇದನ್ನು ಬೆಳಿಗ್ಗೆ ಅವರಿಗೆ ಹೇಳಿದೆ. ಆದರೂ ಪ್ರಶ್ನೆಯ ಒಂದು ಮುಳ್ಳು ನನ್ನಲ್ಲೇ ಉಳಿಯಿತು. ಅತ್ತೆಯ ಅಕ್ಕ ಎದುರಿಗಿದ್ದ ಹದಿನೈದು ವರ್ಷದಲ್ಲಿ ನಾನು ಕೇಳಿ ಬರೆದುಕೊಂಡದ್ದು ಏನು?

ಸರಕಾರದ ಕಡೆಗೂ ನೋಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆ ತಿಳಿಯುವ ಹಕ್ಕು ನಮಗಿದೆ ಎನ್ನುತ್ತದೆ. ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಸಾಮಾನು, ವಾಹನ ಎಂದು ನಾಲ್ಕು ಕ್ಷೇತ್ರ ಹಿಡಿಯಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಅಲ್ಲಿ ಕಂಪನಿಯ ಹೆಸರು ಹಿಡಿದು ಹುಡುಕಬೇಕು. ಹೆಸರನ್ನೇ ಉಜ್ಜಿದವನನ್ನು ಎಲ್ಲಿ ಹುಡುಕಲಿ? ಹಪ್ಪಳದ ಪೊಟ್ಟಣಕ್ಕೆ ಹಾಕಿದ ನಿಯಮವನ್ನು ಚಿಪ್ಪಿಗೂ ಹಾಕಲಿ. ಒಳಗಿನ ಗುಟ್ಟು ಬೇಡ. ಹೆಸರು, ಕಾಲುಗಳ ವಿವರ, ಏನು ಜೋಡಿಸಬಹುದು, ಎಷ್ಟರವರೆಗೆ ಎಂಬುದಿಷ್ಟು ಸಿಗದ ಸಾಮಾನು ಬಂದರಿನಲ್ಲಿ ಇಳಿಯದಿರಲಿ. ಈ ಮಾತನ್ನು ಗಂಡಸರೂ ಆಡಬಹುದು, ಆದರೆ ನಾವು ಆಡಬೇಕು. ಮಿಕ್ಸಿ, ವಾಷಿಂಗ್ ಮೆಷಿನ್, ಇಂಡಕ್ಷನ್ ಒಲೆ ಎಲ್ಲದರ ಹೊಟ್ಟೆಯಲ್ಲೂ ಈಗ ಇಂಥ ಚಿಪ್ಪುಗಳಿವೆ. ಒಲೆ ಇದ್ದಕ್ಕಿದ್ದಂತೆ ಇ3 ಎಂದು ತೋರಿಸಿ ನಿಂತರೆ ಅನ್ನ ಅರ್ಧ ಬೆಂದಿರುವುದು ನಮ್ಮ ಎದುರಿಗೆ.

ಪೆಟ್ಟಿಗೆಯ ಕತೆ ಅಲ್ಲಿಗೇ ನಿಲ್ಲಲಿಲ್ಲ. ದಾರಿ ತೋರಿಸಿದ್ದು ವಿನ್‌ಬಾಂಡಿನ ಪುಸ್ತಕವೇ. ಮೆಮೊರಿಯ ಎಂಟು ಕಾಲುಗಳಲ್ಲಿ ಒಂದಕ್ಕೆ ಚಿಪ್ ಸೆಲೆಕ್ಟ್ ಎಂದು ಹೆಸರು. ಆ ಕಾಲಿನ ವೋಲ್ಟೇಜು ಕೆಳಗಿಳಿದಾಗ ಮಾತ್ರ ಅದು ಮಾತಾಡುತ್ತದೆ, ಮೇಲಿದ್ದಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ಹಾಗಾದರೆ ದೊಡ್ಡದೊಂದರ ಬದಲು 64 ಮೆಗಾಬಿಟ್ಟಿನ ಎರಡನ್ನು ಒಂದರ ಬೆನ್ನಿಗೊಂದು ಕೂರಿಸಿ, ಉಳಿದ ಏಳು ಕಾಲುಗಳನ್ನು ಒಟ್ಟಿಗೆ ಕಟ್ಟಿ, ಈ ಒಂದು ಕಾಲನ್ನು ಮಾತ್ರ ಬೇರೆ ಮಾಡಿದರೆ? ಹಾಡುವ ಚಿಪ್ಪಿನಿಂದ ಬರುವ ತಂತಿಯನ್ನು ಒಂದು ಜಾರುವ ಸ್ವಿಚ್ಚಿಗೆ ತಂದೆ. ಸ್ವಿಚ್ಚು ಎತ್ತ ಸರಿಯುತ್ತದೋ ಆ ಮೆಮೊರಿಗೆ ಕರೆ. ಕರೆ ಬಾರದ್ದು ನಡುವೆ ಬಾಯಿ ಹಾಕದಿರಲೆಂದು ಇಬ್ಬರ ಆ ಕಾಲನ್ನೂ ಹತ್ತು ಸಾವಿರ ಓಮಿನ ರೆಸಿಸ್ಟರಿನಿಂದ 3.3 ವೋಲ್ಟಿಗೆ ಎತ್ತಿ ಕಟ್ಟಿದೆ. ಸ್ವಿಚ್ಚಿನ ಲೋಹ ಹೊರಗೆ ಬಾರದಂತೆ ಪ್ಲಾಸ್ಟಿಕ್ ಹಿಡಿಯದ್ದನ್ನೇ ಹುಡುಕಿ ಹಾಕಿದೆ. ಅರ್ಧ ಅರ್ಧ ಗಂಟೆ ಎರಡು ಕಡೆ, 32 ಕಿಲೋಬಿಟ್ಟಿನಲ್ಲಿ. ಜಾಗ ಸಾಲದೆ ಮೂರು ಸ್ತೋತ್ರ ತೆಗೆಯಬೇಕಾಯಿತು. ಹೆದರುತ್ತ ಹೇಳಿದೆ. “ಅಡ್ಡಿಲ್ಲೆ, ಅದು ಬಾಯಿಗೇ ಬತ್ತು” ಎಂದರು ಅತ್ತೆ.

ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿದ್ದೇನೆ. ಬಾಲ್‌ಪೆನ್ನಿನಲ್ಲಿ, ಕನ್ನಡದಲ್ಲಿ ಬರೆದದ್ದು: ಪ್ಲಗ್ಗಿನಿಂದ ತೆಗೆಯದೆ ಮುಟ್ಟಬೇಡಿ. ಮೆಮೊರಿ ಎರಡು, ತಲಾ 64 ಮೆಗಾಬಿಟ್, ಇದಕ್ಕಿಂತ ದೊಡ್ಡದು ನಡೆಯುವುದಿಲ್ಲ. ಮೊದಲ ಅಂಕಿ ಹಾಡುಗಳ ಸಂಖ್ಯೆ, ಆಮೇಲೆ ವಿಳಾಸಗಳು, ಬಿಡಿ ಸ್ಥಾನ ಮೊದಲು. ಸ್ವಿಚ್ಚು ಸರಿಸುವ ಮುಂಚೆ ಆಫ್ ಮಾಡಿ, ಇಲ್ಲದಿದ್ದರೆ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡು ತಪ್ಪು ಜಾಗದಿಂದ ಹಾಡುತ್ತದೆ. ಕೆಳಗೆ ನನ್ನ ಹೆಸರು, ತಾರೀಕು. ಅದರ ಪಕ್ಕದ ಒಂದು ನೋಟು ಪುಸ್ತಕದಲ್ಲಿ ಈಗ ಸಂಜೆ ಹೊತ್ತು ಅತ್ತೆ ಹೇಳುವುದು, ನಾನು ಬರೆಯುವುದು ನಡೆದಿದೆ. ಬಿ ಮಗ್ಗುಲಿನ ಮೂರನೆಯ ಹಾಡಿನಲ್ಲಿ ಪಾತ್ರೆಯ ಸದ್ದಿಗೆ ಎರಡು ಪದ ಕೇಳಿಸುವುದಿಲ್ಲ. ಅತ್ತೆಗೂ ನೆನಪಾಗುತ್ತಿಲ್ಲ. ದಿನವೂ ಸ್ವಿಚ್ಚು ಸರಿಸಿ, ಆ ಹಾಡು ಬಂದಾಗ ಕಿವಿಯನ್ನು ಪೆಟ್ಟಿಗೆಯ ಹತ್ತಿರ ಒಯ್ಯುತ್ತಾರೆ.